ಚಿಕ್ಕ ಕೀಬೋರ್ಡಿನಲ್ಲಿ ‘ಒ’ ಎಲ್ಲಿದೆ?

ಕಾಲೇಜಿಗೆ ಸೇರಿದ ಮಗಳಿಗೆ ಕೊಡಿಸಿದ ಲ್ಯಾಪ್‌ಟಾಪಿನ ಕಂತು ಇನ್ನೂ ಮುಗಿದಿರುವುದಿಲ್ಲ. ಅಷ್ಟರಲ್ಲೇ ಹಾಸ್ಟೆಲಿನಿಂದ ಇನ್ನೊಂದು ಬೇಡಿಕೆ ಬರುತ್ತದೆ. ‘ಅಪ್ಪಾ, ಒಂದು ಮೆಕ್ಯಾನಿಕಲ್ ಕೀಬೋರ್ಡ್ ಬೇಕು. ಪುಟ್ಟದು ಸಾಕು. ಮೂರು ಸಾವಿರದೊಳಗೇ ಬರುತ್ತೆ.’ ಅಪ್ಪ ಕಕ್ಕಾಬಿಕ್ಕಿ. ಲ್ಯಾಪ್‌ಟಾಪಿನಲ್ಲೇ ಕೀಬೋರ್ಡ್ ಇದೆಯಲ್ಲ? ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ನಾಲ್ಕೈದು ನೂರು ರೂಪಾಯಿಗೆ 104 ಕೀಲಿಗಳ ದೊಡ್ಡ ಕೀಬೋರ್ಡೇ ಸಿಗುವಾಗ, ಬರೀ 61 ಕೀಲಿಗಳಿರುವ ಮರಿ ಕೀಬೋರ್ಡಿಗೆ ಅದರ ಐದಾರು ಪಟ್ಟು ಬೆಲೆ ಏಕೆ?

ಪ್ರಶ್ನೆ ನ್ಯಾಯವಾದದ್ದೇ. ಮಗಳ ಬೇಡಿಕೆಯನ್ನೂ ಪೂರ್ತಿ ತಳ್ಳಿಹಾಕುವಂತಿಲ್ಲ. ದಿನಕ್ಕೆ ಮೂರು ನಾಲ್ಕು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂರುವವರ ಕತ್ತು ಸದಾ ಕೆಳಕ್ಕೆ ಬಾಗಿರುತ್ತದೆ. ಪರದೆ ಮತ್ತು ಕೀಲಿಗಳು ಒಂದಕ್ಕೊಂದು ಅಂಟಿಕೊಂಡಿರುವುದೇ ಇದಕ್ಕೆ ಕಾರಣ. ಪರದೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿದರೆ ಕೈ ಗಾಳಿಯಲ್ಲಿ ತೇಲಬೇಕು, ಕೈಗೆ ಅನುಕೂಲ ಮಾಡಿಕೊಂಡರೆ ಕತ್ತು ಬಾಗಬೇಕು. ಲ್ಯಾಪ್‌ಟಾಪನ್ನು ನಾಲ್ಕು ದಪ್ಪ ಪುಸ್ತಕಗಳ ಮೇಲಿಟ್ಟು, ಬೇರೆ ಕೀಬೋರ್ಡನ್ನು ಮೇಜಿನ ಮೇಲಿಟ್ಟುಕೊಂಡರೆ ಎರಡೂ ಸರಿಹೋಗುತ್ತವೆ. ಹಾಸ್ಟೆಲಿನ ಮೇಜಿನ ಅಗಲ ಎಷ್ಟೆಂಬುದು ಅಲ್ಲಿದ್ದವರಿಗೆಲ್ಲ ಗೊತ್ತು. ಚಿಕ್ಕ ಕೀಬೋರ್ಡ್ ಬೇಕೆನ್ನುವುದರಲ್ಲೂ ಅರ್ಥವಿದೆ. ಹಾಗಾಗಿ ಕೀಬೋರ್ಡ್ ಬೇಕೇ ಬೇಡವೇ ಎಂಬ ಚರ್ಚೆಗಿಂತ ಯಾವುದು ಬೇಕು ಎಂಬ ವಿಚಾರಕ್ಕೆ ಹೆಚ್ಚು ಹೊತ್ತು ಕೊಡುವುದು ಮೇಲು. ಹೆಚ್ಚಿನವರು ಎಡವುವುದು ಅಲ್ಲೇ.

ಮೊದಲು ಬೆಲೆಯ ಮಾತು. ನಾಲ್ಕು ನೂರು ರೂಪಾಯಿಯ ಕೀಬೋರ್ಡನ್ನು ಬಿಚ್ಚಿ ನೋಡಿದರೆ ಒಳಗೆ ಹೆಚ್ಚೇನೂ ಇರುವುದಿಲ್ಲ. ವಿದ್ಯುತ್ ಹಾದಿಗಳನ್ನು ಮುದ್ರಿಸಿದ ತೆಳು ಪ್ಲಾಸ್ಟಿಕ್ ಹಾಳೆಗಳು, ಅವುಗಳ ಮೇಲೆ ರಬ್ಬರಿನ ಗುಬುಟುಗಳು. ಕೀಲಿಯನ್ನು ತಳದವರೆಗೆ ಒತ್ತಿದಾಗ ರಬ್ಬರು ಕುಸಿದು ಹಾಳೆಗಳು ಒಂದನ್ನೊಂದು ಮುಟ್ಟುತ್ತವೆ, ಅಕ್ಷರ ಮೂಡುತ್ತದೆ. ವರ್ಷಗಳು ಕಳೆದಂತೆ ರಬ್ಬರು ಬಿರುಸಾಗುತ್ತದೆ ಇಲ್ಲವೇ ಜೋಲುತ್ತದೆ. ಹಾಳೆಯ ಒಂದು ಗೆರೆ ಸವೆದರೆ ಕೆಲವು ಅಕ್ಷರಗಳು ಒಟ್ಟಿಗೆ ಕೈಕೊಡುತ್ತವೆ. ರಿಪೇರಿಯ ಮಾತಿಲ್ಲ, ಹೊಸದನ್ನೇ ತರಬೇಕು.

ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಲಿಯ ಕೆಳಗೂ ಅದರದೇ ಆದ ಒಂದು ಸ್ವಿಚ್ಚು ಇರುತ್ತದೆ. ಅದರೊಳಗೊಂದು ಪುಟ್ಟ ಸ್ಪ್ರಿಂಗು, ಮೇಲೆ ಕೆಳಗೆ ಜಾರುವ ಒಂದು ಕಾಂಡ, ಲೋಹದ ಎರಡು ಎಸಳು. ಕೀಲಿ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ ಎಂದಿಟ್ಟುಕೊಂಡರೆ, ಸುಮಾರು 2 ಮಿಲಿಮೀಟರ್ ಇಳಿಯುವಷ್ಟರಲ್ಲೇ ಎಸಳುಗಳು ಕೂಡಿ ಅಕ್ಷರ ದಾಖಲಾಗುತ್ತದೆ. ತಳಕ್ಕೆ ಗುದ್ದಬೇಕಿಲ್ಲ. ಒಂದು ಸ್ವಿಚ್ಚು ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ತಯಾರಕರು ಒಂದೊಂದು ಸ್ವಿಚ್ಚಿಗೂ ಐದು ಕೋಟಿ ಒತ್ತುಗಳ ಆಯಸ್ಸು, ಕೆಲವರು ಹತ್ತು ಕೋಟಿ ಎಂದೂ ಹೇಳಿಕೊಳ್ಳುತ್ತಾರೆ. ಜಾಹೀರಾತಿನ ಲೆಕ್ಕವನ್ನು ಅರ್ಧಕ್ಕೆ ಇಳಿಸಿ ಓದಿದರೂ ವಿದ್ಯಾರ್ಥಿ ಜೀವನಕ್ಕೆ ಧಾರಾಳವಾಯಿತು.

ಇದೇನೂ ಹೊಸ ತಲೆಮಾರಿನ ಷೋಕಿಯಲ್ಲ. ಔಷಧದಂಗಡಿಯ ಬಿಲ್ಲಿನ ಕೌಂಟರಿನಲ್ಲಿ, ಡಿಟಿಪಿ ಅಂಗಡಿಯಲ್ಲಿ ಚಟಪಟ ಸದ್ದು ಮಾಡುವ ದಪ್ಪ ಕೀಬೋರ್ಡನ್ನು ತಂದೆತಾಯಂದಿರು ಕಂಡೇ ಇರುತ್ತಾರೆ. ಅಂಥವುಗಳಲ್ಲಿ ನಮ್ಮ ದೇಶದಲ್ಲಿ ಹೆಸರು ಮಾಡಿದ್ದು ಟಿವಿಎಸ್ ಗೋಲ್ಡ್. ಅಕ್ಷರಗಳೆಲ್ಲ ಅಳಿಸಿಹೋಗಿ, ಸಂದುಗಳಲ್ಲಿ ದೂಳು ತುಂಬಿದ ಮೇಲೂ ಅದು ಕೆಲಸ ಮಾಡುತ್ತಿರುತ್ತದೆ. ಮಕ್ಕಳು ಈಗ ಕೇಳುತ್ತಿರುವುದು ಅದೇ ಜಾತಿಯದ್ದನ್ನು, ಆದರೆ ಅರ್ಧ ಗಾತ್ರದಲ್ಲಿ.

ಈ ಸ್ವಿಚ್ಚುಗಳನ್ನು ಬಣ್ಣದಿಂದ ಗುರುತಿಸುವುದು ರೂಢಿ. ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್ ಮಾದರಿಯಿಂದ ಬಂದ ರೂಢಿ ಇದು. ಅದರ ಪೇಟೆಂಟ್ ಅವಧಿ ತೀರಿದ ಮೇಲೆ ಚೀನಾದ ಗೇಟರಾನ್, ಕೈಲ್, ಔಟೆಮು ಮೊದಲಾದವರು ಅದೇ ಅಳತೆಯ ಸ್ವಿಚ್ಚುಗಳನ್ನು ಕಡಿಮೆ ಬೆಲೆಗೆ ಮಾಡತೊಡಗಿದರು. ಮೆಕ್ಯಾನಿಕಲ್ ಕೀಬೋರ್ಡು ವಿದ್ಯಾರ್ಥಿಗಳ ಕೈಗೆಟುಕಿದ್ದಕ್ಕೆ ಇದೇ ದೊಡ್ಡ ಕಾರಣ. ಕೆಂಪು ಎಂದರೆ ಎಲ್ಲೂ ತಡೆಯದೆ ನುಣ್ಣಗೆ ಇಳಿಯುವುದು, ಸುಮಾರು 45 ಗ್ರಾಂ ತೂಕದಷ್ಟು ಒತ್ತಡ ಸಾಕು. ಕಂದು ಎಂದರೆ ನಡುದಾರಿಯಲ್ಲಿ ಒಂದು ಸಣ್ಣ ಉಬ್ಬು ಬೆರಳಿಗೆ ತಾಕುವುದು. ನೀಲಿ ಎಂದರೆ ಆ ಉಬ್ಬಿನ ಜೊತೆಗೆ ‘ಟಿಕ್’ ಎಂಬ ಸದ್ದೂ ಬರುವುದು; ಅದಕ್ಕೆ ಒತ್ತಡವೂ ತುಸು ಹೆಚ್ಚು ಬೇಕು.

ಅಂಗಡಿಯಲ್ಲಿ ನೀಲಿ ಸ್ವಿಚ್ಚಿನ ಸದ್ದು ಕೇಳಿದವರು ಮರುಳಾಗುವುದು ಸಹಜ. ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿದ್ದ ಅಪ್ಪಂದಿರಂತೂ ಮೊದಲು ಮರುಳಾಗುತ್ತಾರೆ. ಆದರೆ ಅದೇ ಸದ್ದು ರಾತ್ರಿ ಹನ್ನೊಂದಕ್ಕೆ, ಪಕ್ಕದ ಮಂಚದಲ್ಲಿ ರೂಮ್‌ಮೇಟ್ ಮಲಗಿರುವಾಗ, ಅಥವಾ ಹಾಲಿನಲ್ಲಿ ಅಜ್ಜಿಗೆ ಆಗಷ್ಟೇ ಜೊಂಪು ಹತ್ತಿರುವಾಗ ಬೇರೆಯೇ ರೀತಿ ಕೇಳುತ್ತದೆ. ಇಬ್ಬರು ಇರುವ ಕೋಣೆಗೆ ನೀಲಿ ಸಲ್ಲದು. ಬೆರಳಚ್ಚು ಕಲಿಯುತ್ತಿರುವವರಿಗೆ ಕಂದು ಒಗ್ಗುತ್ತದೆ, ಹಗುರ ಬೆರಳಿನವರಿಗೆ ಕೆಂಪು. ಕೆಂಪೂ ಕಂದೂ ಪೂರ್ತಿ ನಿಶ್ಶಬ್ದವಲ್ಲ. ತಳಕ್ಕೆ ಬಡಿದರೆ ಅವೂ ಟಪಟಪ ಎನ್ನುತ್ತವೆ. ಬಣ್ಣದ ಬಗ್ಗೆ ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೈ ಎರಡು ವಾರದಲ್ಲಿ ಯಾವುದಕ್ಕೂ ಹೊಂದಿಕೊಳ್ಳುತ್ತದೆ.

ಇಲ್ಲದ ಕೀಲಿಗೆ ಮಾತ್ರ ಕೈ ಅಷ್ಟು ಸುಲಭವಾಗಿ ಹೊಂದಿಕೊಳ್ಳುವುದಿಲ್ಲ. ಚಿಕ್ಕ ಕೀಬೋರ್ಡಿನ ನಿಜವಾದ ಸಮಸ್ಯೆ ಇದು.

1981ರಲ್ಲಿ ಐಬಿಎಂ ಪಿಸಿಯ ಜೊತೆ ಬಂದ ಕೀಬೋರ್ಡಿನಲ್ಲಿ 83 ಕೀಲಿಗಳಿದ್ದವು. ಆ ದಶಕದ ನಡುವಿನ ಹೊತ್ತಿಗೆ ಅವು 101 ಆದವು. ವಿಂಡೋಸ್ 95ರ ಕಾಲಕ್ಕೆ ಇನ್ನೂ ಮೂರು ಸೇರಿ 104 ಆಯಿತು. ಚಿಕ್ಕ ಕೀಬೋರ್ಡು ಈ ಲೆಕ್ಕವನ್ನು ಹಿಂದಕ್ಕೆ ತಿರುಗಿಸುತ್ತದೆ. ಬಲಗಡೆಯ ಅಂಕಿಗಳ ಗುಂಪನ್ನು ತೆಗೆದರೆ 87 ಕೀಲಿ ಉಳಿಯುತ್ತವೆ. ಸಂದುಗಳನ್ನು ಮುಚ್ಚಿ ಎಲ್ಲವನ್ನೂ ಒತ್ತಾಗಿ ಕೂರಿಸಿದರೆ 84ರ ಆಸುಪಾಸು. ಅಂಗಡಿಯವರ ಬಾಯಲ್ಲಿ ಅದು ‘ಸೆವೆಂಟಿಫೈವ್ ಪರ್ಸೆಂಟ್’. ಮೇಲಿನ ಎಫ್1, ಎಫ್2 ಸಾಲನ್ನು ತೆಗೆದು ಬಾಣದ ಕೀಲಿಗಳನ್ನು ಉಳಿಸಿಕೊಂಡರೆ 68ರ ಆಸುಪಾಸು, ಅದು ‘ಸಿಕ್ಸ್‌ಟಿಫೈವ್’. ಬಾಣಗಳನ್ನೂ ತೆಗೆದರೆ 61, ಅದು ‘ಸಿಕ್ಸ್‌ಟಿ’. ಉಳಿದ ಕೀಲಿಗಳ ನಡುವಿನ ಅಂತರ ಮಾತ್ರ ಬದಲಾಗುವುದಿಲ್ಲ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಸುಮಾರು 19 ಮಿಲಿಮೀಟರ್, ದೊಡ್ಡದರಲ್ಲಿ ಇದ್ದಷ್ಟೇ. ಬೆರಳು ಇಕ್ಕಟ್ಟಾಗುತ್ತದೆಂಬ ಭಯ ಬೇಡ.

ತೆಗೆದ ಕೀಲಿಗಳ ಕೆಲಸವೇನೂ ಮಾಯವಾಗುವುದಿಲ್ಲ. ಎಫ್‌ಎನ್ ಎಂಬ ಒಂದು ಕೀಲಿಯನ್ನು ಹಿಡಿದುಕೊಂಡು ಬೇರೊಂದನ್ನು ಒತ್ತಿದರೆ ಆ ಕೆಲಸ ಆಗುತ್ತದೆ. ಜಪಾನಿನ ಗಣಕ ವಿಜ್ಞಾನಿ ಎಯಿಚಿ ವಾಡಾ ಇಂಥ ಪುಟ್ಟ ಕೀಬೋರ್ಡಿನ ಹಿಂದಿರುವ ದೊಡ್ಡ ಹೆಸರು. ಕಂಪ್ಯೂಟರು ಬದಲಾದಾಗಲೆಲ್ಲ ಕೀಲಿಗಳ ಜಾಗವೂ ಬದಲಾಗುವುದು ಅವರಿಗೆ ಬೇಸರ ತಂದಿತ್ತು. ತಮ್ಮಂಥ ಪ್ರೋಗ್ರಾಮರುಗಳಿಗೆ ನಿಜಕ್ಕೂ ಬೇಕಾದವನ್ನಷ್ಟೇ ಇಟ್ಟು 60 ಕೀಲಿಗಳ ವಿನ್ಯಾಸ ಮಾಡಿದರು. ಪಿಎಫ್‌ಯು ಕಂಪನಿ ಅದನ್ನು 1996ರಲ್ಲಿ ಹ್ಯಾಪಿ ಹ್ಯಾಕಿಂಗ್ ಕೀಬೋರ್ಡ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಆ ಹೆಸರಿನ ಕೀಬೋರ್ಡು ಈಗಲೂ ತಯಾರಾಗುತ್ತದೆ. ಕುದುರೆ ಹೋದರೂ ಸವಾರ ತನ್ನ ಜೀನನ್ನು ಬಿಡುವುದಿಲ್ಲ, ಕೀಬೋರ್ಡೂ ಹಾಗೆ ಎಂಬುದು ಅವರ ಹೋಲಿಕೆ. ಗಮನಿಸಬೇಕಾದ ಸಂಗತಿಯೆಂದರೆ, ವಾಡಾ ಯಾವ ಕೀಲಿ ತಮಗೆ ಬೇಕು, ಯಾವುದು ಬೇಡ ಎಂದು ತಿಳಿದು ತೆಗೆದರು. ನಮ್ಮ ಮಕ್ಕಳು ಕೊಳ್ಳುವಾಗ ಆ ತೀರ್ಮಾನವನ್ನು ಬೇರೆ ಯಾರೋ, ಬೇರೆ ಯಾವುದೋ ಭಾಷೆಯವರಿಗಾಗಿ ಮಾಡಿ ಮುಗಿಸಿರುತ್ತಾರೆ.

ಕನ್ನಡ ಬರೆಯುವವರಿಗೆ ಇದರ ಬಿಸಿ ತಟ್ಟುವ ಜಾಗವೊಂದಿದೆ. ದೊಡ್ಡ ಕೀಬೋರ್ಡಿನಲ್ಲಿ 1ರ ಎಡಕ್ಕೆ, ಸಾಲಿನ ತುದಿಯಲ್ಲಿ, ಒಂದು ಕೀಲಿ ಇರುತ್ತದೆ. ಅದರ ಮೇಲೆ ಹಾವಿನಂತೆ ಬಳುಕಿದ ಒಂದು ಗೆರೆ, ಕೆಳಗೆ ವಾರೆಯಾದ ಒಂದು ಚುಕ್ಕೆ. ಇಂಗ್ಲಿಷ್ ಬರೆಯುವವರು ಅದನ್ನು ಮುಟ್ಟುವುದು ಅಪರೂಪ. 61 ಕೀಲಿಗಳ ಕೀಬೋರ್ಡಿನಲ್ಲಿ ಸಾಮಾನ್ಯವಾಗಿ ಆ ಜಾಗಕ್ಕೆ ‘ಎಸ್ಕೇಪ್’ ಬಂದು ಕೂತಿರುತ್ತದೆ. ಆ ಚಿಹ್ನೆಗಳು ಬೇಕೆಂದರೆ ಎಫ್‌ಎನ್ ಹಿಡಿಯಬೇಕು. ಇಂಗ್ಲಿಷಿನವರಿಗೆ ಇದರಿಂದ ನಷ್ಟವಿಲ್ಲ. ಆದರೆ ವಿಂಡೋಸಿನೊಳಗೇ ಬರುವ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕನ್ನಡದ ಹ್ರಸ್ವ ‘ಒ’ ಕೂತಿರುವುದು ಅದೇ ಕೀಲಿಯ ಮೇಲೆ. ಬರೀ ಒತ್ತಿದರೆ ‘ಒ’ಕಾರದ ಕೊಂಬು, ಶಿಫ್ಟ್ ಹಿಡಿದು ಒತ್ತಿದರೆ ಇಡೀ ‘ಒ’ ಅಕ್ಷರ.

ಇನ್‌ಸ್ಕ್ರಿಪ್ಟ್ ಭಾರತದ ಭಾಷೆಗಳಿಗೆಲ್ಲ ಒಂದೇ ನಕ್ಷೆ. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಇಸ್ಕಿ ಸಂಕೇತದ ಜೊತೆಗೆ ಅದನ್ನು ಪ್ರಕಟಿಸಿತು. ಹಿಂದಿಯ ‘ಕ’ ಎಲ್ಲಿದೆಯೋ ಕನ್ನಡದ ‘ಕ’ವೂ ಅಲ್ಲೇ. ಒಂದು ಭಾಷೆಯಲ್ಲಿ ಕಲಿತ ಬೆರಳಚ್ಚು ಇನ್ನೊಂದರಲ್ಲೂ ನಡೆಯುತ್ತದೆ ಎಂಬುದು ಅದರ ಹೆಚ್ಚುಗಾರಿಕೆ. ಆದರೆ ಹಿಂದಿಗೆ ಹ್ರಸ್ವ ‘ಎ’, ‘ಒ’ಗಳ ಹಂಗಿಲ್ಲ. ಈ ನಕ್ಷೆಯಲ್ಲಿ ಅವು ಎಡದ ಮೂಲೆಗಳಲ್ಲಿವೆ: ‘ಎ’ ಕೆಳಸಾಲಿನ ತುದಿಯಲ್ಲಿ, ‘ಒ’ ಮೇಲ್ಸಾಲಿನ ತುದಿಯಲ್ಲಿ. ಕನ್ನಡದಲ್ಲಿ ಹ್ರಸ್ವ ‘ಒ’ ಇಲ್ಲದೆ ಒಂದು ವಾಕ್ಯ ಬರೆಯುವುದು ಎಷ್ಟು ಕಷ್ಟವೆಂದು ಪ್ರಯತ್ನಿಸಿ ನೋಡಬೇಕು. ಒಂದು, ಒಬ್ಬ, ಕೊಡು, ಗೊತ್ತು, ದೊಡ್ಡ, ಹೊಸ, ಜೊತೆ, ಮೊದಲು. ಅರವತ್ತೊಂದು ಕೀಲಿಗಳ ಮೇಲೆ ‘ಒಂದು’ ಎಂದು ಬರೆಯಲು ಎಫ್‌ಎನ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಹಿಡಿಯುವ ಸರ್ಕಸ್ಸು ಮಾಡಬೇಕಾಗಬಹುದು. ‘ಕೊಟ್ಟ’ ಎಂದು ಬರೆಯಲು ಹೋದವರು ಎಸ್ಕೇಪ್ ಒತ್ತಿ, ತೆರೆದಿದ್ದ ಕಿಟಕಿಯೇ ಮುಚ್ಚಿಹೋಗಿ ಕಂಗಾಲಾಗುವುದೂ ಉಂಟು. ಕನ್ನಡದಲ್ಲಿ ಪ್ರಬಂಧ ಬರೆಯುವ ಬಿಎ, ಎಂಎ ವಿದ್ಯಾರ್ಥಿಗೆ ಇದು ದಿನನಿತ್ಯದ ಕಿರಿಕಿರಿ. ಕೀಬೋರ್ಡಿನ ಡಬ್ಬಿಯ ಮೇಲೆ ಇದನ್ನು ಯಾರೂ ಬರೆದಿರುವುದಿಲ್ಲ.

ಕೆ.ಪಿ. ರಾವ್ ವಿನ್ಯಾಸದಲ್ಲಿ ಬರೆಯುವವರು ಈ ವಿಷಯದಲ್ಲಿ ಪುಣ್ಯವಂತರು. ಕರ್ನಾಟಕ ಸರ್ಕಾರ ಅಂಗೀಕರಿಸಿದ, ನುಡಿ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳಲ್ಲಿ ಬಳಕೆಗೆ ಬಂದ ವಿನ್ಯಾಸ ಅದು. ಕನ್ನಡದ ವರ್ಣಮಾಲೆಯನ್ನು ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲೇ ಹೊಂದಿಸಿರುವುದು ಅದರ ಜಾಣತನ. ‘ಒ’ ಇರುವುದು ಓ ಕೀಲಿಯಲ್ಲೇ. ಒತ್ತಕ್ಷರಕ್ಕೆ ಎಫ್, ಮಹಾಪ್ರಾಣಕ್ಕೆ ಶಿಫ್ಟ್. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂದು ಐದು ಒತ್ತು ಸಾಕು. ಇಂಥವರಿಗೆ ಕೀಬೋರ್ಡು ಎಷ್ಟು ಚಿಕ್ಕದಾದರೂ ಅಕ್ಷರ ಕಳೆದುಹೋಗುವುದಿಲ್ಲ. ಹಾಗಾಗಿ ಕೊಳ್ಳುವ ಮೊದಲು ಮಗ ಅಥವಾ ಮಗಳು ಕನ್ನಡವನ್ನು ಯಾವ ವಿನ್ಯಾಸದಲ್ಲಿ ಬರೆಯುತ್ತಾರೆ ಎಂದು ಕೇಳಿಕೊಳ್ಳುವುದು ಸ್ವಿಚ್ಚಿನ ಬಣ್ಣ ಕೇಳುವುದಕ್ಕಿಂತ ಮುಖ್ಯ. ‘ಕನ್ನಡದಲ್ಲಿ ಬರೆಯುವುದೇ ಇಲ್ಲ’ ಎಂಬ ಉತ್ತರ ಬಂದರೆ, ಅದು ಬೇರೆಯೇ ಅಂಕಣಕ್ಕೆ ವಸ್ತು.

ಕಂಪ್ಯೂಟರ್ ಸೈನ್ಸ್ ಮತ್ತು ಬಿಸಿಎ ವಿದ್ಯಾರ್ಥಿಗಳೂ ಆ ಮೂಲೆಯ ಕೀಲಿಯನ್ನು ಮರೆಯುವಂತಿಲ್ಲ. ಲಿನಕ್ಸ್‌ನಲ್ಲಿ ತನ್ನ ಮನೆಯ ಕಡತಕೋಶವನ್ನು ಸೂಚಿಸುವುದು ಆ ಬಳುಕಿನ ಗೆರೆಯೇ. ಜಾವಾಸ್ಕ್ರಿಪ್ಟ್ ಬರೆಯುವಾಗ ಕೆಳಗಿನ ವಾರೆ ಚುಕ್ಕೆ ಪದೇ ಪದೇ ಬೇಕಾಗುತ್ತದೆ. ಜೊತೆಗೆ ಪ್ರೋಗ್ರಾಮು ತಿದ್ದುವವರ ಕೈ ಅರ್ಧ ಹೊತ್ತು ಬಾಣದ ಕೀಲಿಗಳ ಮೇಲೇ ಇರುತ್ತದೆ.

ವಾಣಿಜ್ಯ ವಿದ್ಯಾರ್ಥಿಗಳ ಕಷ್ಟ ಇನ್ನೊಂದು ಬಗೆಯದು. ಬೆಂಗಳೂರಿನಲ್ಲೇ ಹುಟ್ಟಿ ದೇಶದ ಅಂಗಡಿ ಮುಂಗಟ್ಟುಗಳ ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ ಕಲಿಯುವವರಿಗೆ ಮೇಲಿನ ಎಫ್ ಸಾಲೇ ಜೀವಾಳ. ತಾರೀಖು ಬದಲಿಸಲು ಎಫ್2, ಪಾವತಿಗೆ ಎಫ್5, ರಸೀದಿಗೆ ಎಫ್6, ಜರ್ನಲ್‌ಗೆ ಎಫ್7, ಮಾರಾಟಕ್ಕೆ ಎಫ್8, ಖರೀದಿಗೆ ಎಫ್9. ಮೊತ್ತ ತುಂಬಿಸಲು ಬಲಗಡೆಯ ಅಂಕಿಗಳ ಗುಂಪು. 61 ಕೀಲಿಗಳ ಕೀಬೋರ್ಡಿನಲ್ಲಿ ಇವೆರಡೂ ಇಲ್ಲ. ಬಿಕಾಂ ಓದುವ, ಸಿಎ ಪರೀಕ್ಷೆಗೆ ಓದಿಕೊಳ್ಳುವ ಮಕ್ಕಳಿಗೆ ಅದನ್ನು ಕೊಡಿಸುವುದೆಂದರೆ ಅಡುಗೆಯವರಿಗೆ ಸೌಟಿಲ್ಲದ ಪಾತ್ರೆ ಕೊಟ್ಟಂತೆ. ಅವರಿಗೆ ಪೂರ್ಣ ಗಾತ್ರದ್ದೇ ಲೇಸು. ಜಾಗ ಇಲ್ಲವೆಂದರೆ 87 ಕೀಲಿಗಳದ್ದನ್ನು ಕೊಂಡು, ಅಂಕಿಗಳ ಪುಟ್ಟ ಪ್ಯಾಡನ್ನು ಬೇರೆಯಾಗಿ ತಂದು ಬೇಕಾದಾಗ ಮಾತ್ರ ಸಿಕ್ಕಿಸಿಕೊಳ್ಳಬಹುದು.

ಇಷ್ಟನ್ನೆಲ್ಲ ತೂಗಿ ನೋಡಿದರೆ ಬಹುಪಾಲು ವಿದ್ಯಾರ್ಥಿಗಳಿಗೆ 84 ಕೀಲಿಗಳ ಗಾತ್ರವೇ ಸರಿ. ಎಫ್ ಸಾಲು ಇರುತ್ತದೆ, ಬಾಣಗಳಿರುತ್ತವೆ, ಮೂಲೆಯ ‘ಒ’ ತನ್ನ ಜಾಗದಲ್ಲೇ ಇರುತ್ತದೆ. 61ರದ್ದಕ್ಕಿಂತ ಎರಡು ಬೆರಳಿನಷ್ಟು ಜಾಗ ಹೆಚ್ಚು ಹಿಡಿಯಬಹುದು, ಅಷ್ಟೇ. 68ರದ್ದಾದರೆ ಮೂಲೆಯನ್ನು ನೋಡಿಯೇ ಕೊಳ್ಳಬೇಕು. ಕೆಲವು ಮಾದರಿಗಳಲ್ಲಿ ಆ ಕೀಲಿಯನ್ನು ಬಲತುದಿಗೆ ಸಾಗಿಸಿರುತ್ತಾರೆ, ಕೆಲವದರಲ್ಲಿ ಅದು ಇರುವುದೇ ಇಲ್ಲ. 61ರದ್ದೇ ಬೇಕೆಂಬ ಹಟವಿದ್ದರೆ, ಕೀಲಿಗಳ ಕೆಲಸವನ್ನು ನಾವೇ ಬದಲಿಸಿಕೊಳ್ಳಲು ಬರುವಂಥದ್ದನ್ನು ಆರಿಸಬೇಕು. ಡಬ್ಬಿಯ ಮೇಲೆ ಕ್ಯೂಎಂಕೆ ಅಥವಾ ವಿಯಾ ಎಂದಿದ್ದರೆ ಆ ಸೌಕರ್ಯ ಇದೆ ಎಂದರ್ಥ. ಪ್ರೋಗ್ರಾಮಿಂಗ್ ಬಾರದವರೂ ಹತ್ತು ನಿಮಿಷದಲ್ಲಿ ಎಸ್ಕೇಪನ್ನು ಬೇರೆಡೆಗೆ ಕಳಿಸಿ ‘ಒ’ವನ್ನು ಮೂಲೆಗೆ ವಾಪಸು ಕರೆಸಿಕೊಳ್ಳಬಹುದು. ಅಂಥವಕ್ಕೆ ಬೆಲೆ ತುಸು ಹೆಚ್ಚು.

ಇನ್ನು ಕೊಳ್ಳುವ ಮಾತು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ, ಅಥವಾ ತಮ್ಮದೇ ಊರಿನ ದೊಡ್ಡ ಅಂಗಡಿಯಲ್ಲಿ, ಮುಟ್ಟಿ ನೋಡಿ ಕೊಳ್ಳುವುದು ಒಳ್ಳೆಯದು. ಲ್ಯಾಪ್‌ಟಾಪನ್ನು ಜೊತೆಗೇ ಒಯ್ಯಬೇಕು. ಸಿಕ್ಕಿಸಿ, ಖಾಲಿ ಪುಟ ತೆರೆದು, ಒಂದು ಕೀಲಿಯನ್ನೂ ಬಿಡದೆ ಒತ್ತಿ ನೋಡಬೇಕು. ಸ್ಪೇಸ್, ಎಂಟರ್, ಶಿಫ್ಟ್, ಬ್ಯಾಕ್‌ಸ್ಪೇಸ್ ಈ ಉದ್ದನೆಯವನ್ನು ನಡುವೆ ಮಾತ್ರವಲ್ಲ, ಅಂಚಿನಲ್ಲೂ ಒತ್ತಬೇಕು. ಅಗ್ಗದ ಮಾಲಿನಲ್ಲಿ ಅವುಗಳ ಕೆಳಗಿನ ತಂತಿ ಗಲಗಲ ಎನ್ನುತ್ತದೆ. ದಿನವೂ ಕೇಳಿದರೆ ತಲೆ ಚಿಟ್ಟು ಹಿಡಿಯುತ್ತದೆ.

‘ಹಾಟ್‌ಸ್ವಾಪ್’ ಇದೆಯೇ ಎಂದು ಕೇಳಬೇಕು. ಇದ್ದರೆ ಕೆಟ್ಟ ಸ್ವಿಚ್ಚನ್ನು ಒಂದು ಚಿಮಟದಿಂದ ಎಳೆದು ಹೊಸದನ್ನು ಒತ್ತಿ ಕೂರಿಸಬಹುದು. ಇಲ್ಲದಿದ್ದರೆ ಬೆಸುಗೆ ಹಾಕುವವರನ್ನು ಹುಡುಕಬೇಕು. ಮೂರು ಕಾಲಿನ ಸ್ವಿಚ್ಚು, ಐದು ಕಾಲಿನ ಸ್ವಿಚ್ಚು ಎಂದು ಎರಡು ಬಗೆ ಉಂಟು. ಐದಕ್ಕೆ ರಂಧ್ರವಿರುವಲ್ಲಿ ಮೂರೂ ಕೂರುತ್ತದೆ, ಮೂರರದ್ದರಲ್ಲಿ ಐದು ನೇರವಾಗಿ ಕೂರುವುದಿಲ್ಲ. ಆಪ್ಟಿಕಲ್ ಎಂಬ ಇನ್ನೊಂದು ಜಾತಿಯದು ಬೆಳಕಿನಿಂದ ಕೆಲಸ ಮಾಡುತ್ತದೆ. ಅದಕ್ಕೂ ಇದಕ್ಕೂ ಹೊಂದಿಕೆಯಿಲ್ಲ.

ಕೀಲಿಯ ಟೋಪಿಗಳಲ್ಲಿ ಎಬಿಎಸ್ ಪ್ಲಾಸ್ಟಿಕ್ಕಿನವು ಬೇಗ ಎಣ್ಣೆ ಸವರಿದಂತೆ ಹೊಳೆಯತೊಡಗುತ್ತವೆ, ಪಿಬಿಟಿಯವು ಹೆಚ್ಚು ಕಾಲ ಒರಟಾಗಿ ಉಳಿಯುತ್ತವೆ. ಅಕ್ಷರ ಮೇಲೆ ಮುದ್ರಿಸಿದ್ದೋ, ಎರಡು ಬಣ್ಣದ ಪ್ಲಾಸ್ಟಿಕ್ ಎರಕ ಹೊಯ್ದದ್ದೋ ನೋಡಬೇಕು, ಎರಡನೆಯದು ಅಳಿಸುವುದಿಲ್ಲ. ಕನ್ನಡ ಅಕ್ಷರಗಳ ಅಂಟುಚೀಟಿಗಳು ಪ್ರತ್ಯೇಕವಾಗಿ ಸಿಗುತ್ತವೆ, ಆದರೆ ಇನ್‌ಸ್ಕ್ರಿಪ್ಟಿನದೋ ಕೆ.ಪಿ. ರಾವ್ ವಿನ್ಯಾಸದ್ದೋ ಎಂದು ಕೇಳಿ ತರಬೇಕು. ಇನ್ನು ಬಣ್ಣಬಣ್ಣದ ದೀಪಗಳು. ಹುಡುಗರನ್ನು ಸೆಳೆಯುವುದು ಅವೇ, ಓದಿಗೆ ಏನೂ ಸಹಾಯವಾಗದ್ದೂ ಅವೇ. ವೈರ್‌ಲೆಸ್ ಆದರೆ ಬ್ಯಾಟರಿಯನ್ನು ಬೇಗ ಬರಿದು ಮಾಡುತ್ತವೆ. ಒಂದೇ ಮೇಜಿನ ಮೇಲೆ ಇರುವ ಕೀಬೋರ್ಡಿಗೆ ತಂತಿಯೇ ಸಾಕು. ಆ ತಂತಿ ಕಳಚಿ ತೆಗೆಯುವಂತಿದ್ದರೆ ಇನ್ನೂ ವಾಸಿ, ಇಲಿ ಕಡಿದರೆ ತಂತಿ ಮಾತ್ರ ಬದಲಿಸಬಹುದು.

ಮೆಕ್ಯಾನಿಕಲ್ ಕೀಬೋರ್ಡು ಕೊಂಡ ಮಾತ್ರಕ್ಕೆ ಬೆರಳಚ್ಚಿನ ವೇಗ ಹೆಚ್ಚುವುದಿಲ್ಲ. ಅದಕ್ಕೆ ಅಭ್ಯಾಸವೇ ಬೇಕು. ಈ ಕೀಬೋರ್ಡುಗಳ ಎತ್ತರ ಹೆಚ್ಚಾದ್ದರಿಂದ ಮಣಿಕಟ್ಟು ಮೇಲಕ್ಕೆ ಬಾಗುವ ಅಪಾಯವೂ ಇದೆ. ಕೆಳಗಿನ ಮಡಚುವ ಕಾಲುಗಳನ್ನು ಎತ್ತಿ ನಿಲ್ಲಿಸುವುದು ಬೇಡ, ಅವು ಬಾಗನ್ನು ಇನ್ನಷ್ಟು ಹೆಚ್ಚಿಸುತ್ತವೆ. ಮಡಿಸಿದ ಟವೆಲೊಂದನ್ನು ಅಂಗೈ ಬುಡಕ್ಕೆ ಇಟ್ಟುಕೊಂಡರೆ ಸಾವಿರ ರೂಪಾಯಿಯ ದಿಂಬು ಮಾಡುವ ಕೆಲಸವನ್ನೇ ಅದು ಮಾಡುತ್ತದೆ.

ಅಗ್ಗದ ಚಿಕ್ಕ ಮೆಕ್ಯಾನಿಕಲ್ ಕೀಬೋರ್ಡುಗಳು ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತವೆ. ಹತ್ತು ಸಾವಿರ ದಾಟಿದವೂ ಬೇಕಾದಷ್ಟಿವೆ. ವಿದ್ಯಾರ್ಥಿಗೆ ಮೊದಲ ಗುಂಪಿನಲ್ಲೇ, ಬೇಕಾದರೆ ಅದಕ್ಕಿಂತ ಸಾವಿರವೋ ಎರಡು ಸಾವಿರವೋ ಮೇಲೆ, ತೃಪ್ತಿಯಾಗುವಂಥದ್ದು ಸಿಗುತ್ತದೆ. ಅಂಚೆಯಲ್ಲಿ ತರಿಸುವವರು ವಾಪಸು ಕಳಿಸಲು ಎಷ್ಟು ದಿನ ಅವಕಾಶ ಎಂದು ಮೊದಲೇ ನೋಡಿಕೊಂಡು, ಬಂದ ದಿನವೇ ಪರೀಕ್ಷೆ ಮುಗಿಸಬೇಕು. ಇಂಗ್ಲಿಷಿನ ಒಂದು ಪುಟ ಬರೆದು ‘ಚೆನ್ನಾಗಿದೆ’ ಎಂದುಬಿಡಬಾರದು. ‘ಒಂದೂರಿನಲ್ಲಿ ಒಬ್ಬ ದೊಡ್ಡ ಸಾಹುಕಾರ ಹೊಸ ಕೊಡೆ ಕೊಂಡುಕೊಂಡ’ ಎಂಬಂಥ ಒಂದು ಸಾಲನ್ನು ಬರೆದು ನೋಡಬೇಕು. ಅಲ್ಲಿಯವರೆಗೆ ಡಬ್ಬಿಯನ್ನೂ ಬಿಲ್ಲನ್ನೂ ಬಿಸಾಡುವುದು ಬೇಡ. ಸ್ವಿಚ್ಚು ಎಳೆಯುವ ಚಿಮಟವೂ ಸಾಮಾನ್ಯವಾಗಿ ಆ ಡಬ್ಬಿಯ ತಳದಲ್ಲೇ ಇರುತ್ತದೆ.